ಟೆನ್ನಿಸ್ ಆಟದ ಶ್ರೀಮತಿ ವೈಟ್‌ಮನ್

ಆಟದ ಬಯಲು ಸರಿಯಿಲ್ಲವೆಂಬ ದೂರು ಶಾಲೆಗಳಲ್ಲಿ ಹೊಸತಲ್ಲ. ನೆಲ ತಗ್ಗುದಿಣ್ಣೆಯಾಗಿದೆ, ಗರಸು ತುಂಬಿದೆ, ಚೆಂಡು ಎತ್ತಲೋ ಪುಟಿಯುತ್ತದೆ, ಇಂಥಲ್ಲಿ ಕಲಿಯುವುದೆಂತು ಎಂದು ಹುಡುಗರು ಕೇಳುತ್ತಾರೆ. ಹುಡುಗಿಯರಿಗೆ ಆ ದೂರನ್ನು ಹೇಳುವ ಸಂದರ್ಭವೂ ಬರುವುದು ವಿರಳ. ಬಯಲು ಅವರ ಪಾಲಿಗೆ ಒದಗುವುದೇ ಹುಡುಗರು ಆಡಿ ಬಿಟ್ಟ ಮೇಲೆ. ಈ ಎರಡು ತೊಡಕುಗಳನ್ನೂ ಚಿಕ್ಕಂದಿನಲ್ಲಿ ಕಂಡುಂಡ ಅಮೆರಿಕಾ ದೇಶದ ಒಬ್ಬ ಆಟಗಾರ್ತಿ, ಮೊದಲನೆಯದರಿಂದ ತನ್ನ ಆಟದ ರೀತಿಯನ್ನೇ ರೂಪಿಸಿಕೊಂಡಳು. ಎರಡನೆಯದು ಇತರ ಹುಡುಗಿಯರ ದಾರಿಗೆ ಅಡ್ಡ ಬಾರದಿರಲೆಂದು ತನ್ನ ಆಯುಷ್ಯದ ಬಹುಭಾಗವನ್ನು ಸವೆಸಿದಳು. ಆಕೆಯೇ ಹೇಜಲ್ ಹಾಚ್‌ಕಿಸ್; ವಿವಾಹಾನಂತರ ಲೋಕವು ಶ್ರೀಮತಿ ವೈಟ್‌ಮನ್ ಎಂದು ಕರೆದದ್ದು ಈಕೆಯನ್ನೇ.

ಹೇಜಲ್ ಜನಿಸಿದ್ದು 1886ನೆಯ ಇಸವಿಯ ಡಿಸೆಂಬರ್ 20ರಂದು, ಕ್ಯಾಲಿಫೋರ್ನಿಯಾ ಪ್ರಾಂತದ ಹೀಲ್ಡ್ಸ್‌ಬರ್ಗ್ ಎಂಬ ಊರಿನಲ್ಲಿ. ನಾಲ್ವರು ಗಂಡುಮಕ್ಕಳ ನಡುವೆ ಈಕೆಯೊಬ್ಬಳೇ ಹೆಣ್ಣು. ಬಾಲ್ಯದಲ್ಲಿ ಬಹಳ ಅಶಕ್ತೆ. ಮೈಗೆ ವ್ಯಾಯಾಮ ಬೇಕು, ಹೊರಗೆ ಗಾಳಿಯಲ್ಲಿ ಆಡಲು ಬಿಡಿ ಎಂದು ವೈದ್ಯರು ಸಲಹೆ ಕೊಟ್ಟರು. ಆಡಲು ಅಕ್ಕತಂಗಿಯರಿಲ್ಲ, ಅಣ್ಣಂದಿರೇ ಜೊತೆಗಾರರು. ಆದ್ದರಿಂದ ಅವರು ಆಡಿದ್ದೆಲ್ಲವನ್ನೂ ಈಕೆ ಆಡಿದಳು. 1900ರಲ್ಲಿ ಕುಟುಂಬವು ವಿಶ್ವವಿದ್ಯಾಲಯವಿರುವ ಬರ್ಕ್ಲಿ ಪಟ್ಟಣಕ್ಕೆ ಬಂದು ನೆಲಸಿತು. ಅಲ್ಲಿ ಹೇಜಲಳ ಕೈಗೆ ಟೆನ್ನಿಸ್ ಬ್ಯಾಟು ಬಂದಿತು.

ಇಲ್ಲಿ ಆ ಆಟದ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಟೆನ್ನಿಸ್ ಅಂಗಣವು 78 ಅಡಿ ಉದ್ದ. ಇಬ್ಬರೇ ಎದುರುಬದುರಾಗಿ ಆಡುವಾಗ 27 ಅಡಿ ಅಗಲ. ಒಂದೊಂದು ಕಡೆಗೆ ಇಬ್ಬಿಬ್ಬರು ಜೋಡಿಯಾಗಿ ಆಡುವಾಗ 36 ಅಡಿ. ನಡುವೆ ಬಲೆ, ಬಲೆಯ ಮಧ್ಯಭಾಗದ ಎತ್ತರ ಮೂರಡಿ. ಎದುರಾಳಿ ಹೊಡೆದ ಚೆಂಡು ತನ್ನ ಕಡೆಯ ನೆಲಕ್ಕೆ ಒಮ್ಮೆ ಬಿದ್ದು ಪುಟಿದ ಮೇಲೆ ಹಿಂದಿರುಗಿಸಬಹುದು. ನೆಲ ಮುಟ್ಟುವುದಕ್ಕೆ ಮುಂಚೆಯೇ ಗಾಳಿಯಲ್ಲಿ ತಡೆದು ಹಿಂದಿರುಗಿಸಲೂಬಹುದು. ಎರಡನೆಯ ರೀತಿಗೆ ವಾಲಿ ಎಂದು ಹೆಸರು. ಪುಟಿದ ಚೆಂಡಿಗಾಗಿ ಕಾಯುವವನು ಅಂಗಣದ ಹಿಂದಿನ ಗೆರೆಯ ಬಳಿ ನಿಲ್ಲಬೇಕಾಗುತ್ತದೆ. ವಾಲಿ ಹೊಡೆಯುವವನು ಬಲೆಯ ಸಮೀಪಕ್ಕೆ ನುಗ್ಗುತ್ತಾನೆ. ಹಿಂದೆ ನಿಂತವನಿಗೆ ಯೋಚಿಸಲು ಕಾಲಾವಕಾಶವುಂಟು. ಬಲೆಯ ಬಳಿ ಇರುವವನಿಗೆ ಅದಿಲ್ಲ. ಅವನು ಎದುರಾಳಿಗೂ ಅದನ್ನು ಉಳಿಸುವುದಿಲ್ಲ.

ಆ ಕಾಲದ ಸ್ತ್ರೀಯರು ಬಹುಮಟ್ಟಿಗೆ ಹಿಂದಿನ ಗೆರೆಯಲ್ಲಿಯೇ ನಿಂತು ಆಡುತ್ತಿದ್ದರು. ಪಾದದವರೆಗೆ ಇಳಿಬಿದ್ದ ಲಂಗ, ಅದರೊಳಗೆ ಮತ್ತಷ್ಟು ಬಟ್ಟೆ, ಕತ್ತಿನವರೆಗೆ ಮುಚ್ಚಿದ ರವಿಕೆ, ಇವುಗಳನ್ನು ತೊಟ್ಟುಕೊಂಡು ಮುಂದಕ್ಕೆ ನುಗ್ಗಿ ಜಿಗಿಯುವುದು ಸುಲಭವಲ್ಲ. ಜಿಗಿದರೆ ನೋಡುವವರು ಸುಮ್ಮನಿರುತ್ತಲೂ ಇರಲಿಲ್ಲ. 1902ರಲ್ಲಿ ಸ್ಯಾನ್ ರಫೆಲ್ ಎಂಬಲ್ಲಿ ನಡೆದ ಪಂದ್ಯಗಳನ್ನು ನೋಡಲು ಹೇಜಲ್ ಹೋದಳು. ಕ್ಯಾಲಿಫೋರ್ನಿಯಾದಲ್ಲಿ ಸುಪ್ರಸಿದ್ಧರಾಗಿದ್ದ ಸಟನ್ ಸೋದರಿಯರಲ್ಲಿ ಇಬ್ಬರು ಅಂದು ಪರಸ್ಪರ ಆಡಿದರು. ಇವರು ಹಿಂದಿನಿಂದ ಹೊಡೆಯುವುದು, ಅವರು ಹಿಂದಿನಿಂದ ಹಿಂದಿರುಗಿಸುವುದು. ಹದಿನೈದರ ಹುಡುಗಿಗೆ ಅದು ಬೇಸರವೆನಿಸಿತು. ಆಮೇಲೆ ಪುರುಷರ ಜೋಡಿ ಪಂದ್ಯ. ಹಾರ್ಡಿ ಎಂಬ ಅಣ್ಣತಮ್ಮಂದಿರು ಬಲೆಯ ಬಳಿಗೆ ಬಂದು ಚೆಂಡನ್ನು ನೆಲಕ್ಕೆ ಬೀಳಗೊಡದೆ ಚಕಚಕನೆ ಆಡಿದರು. ಆಟವೆಂದರೆ ಇದು, ನಾನು ಹೀಗೆಯೇ ಆಡುವೆನೆಂದು ಅವಳು ಅಲ್ಲಿಯೇ ನಿಶ್ಚಯಿಸಿದಳು.

ನಿಶ್ಚಯವೇನೋ ಆಯಿತು, ಅಭ್ಯಾಸಕ್ಕೆ ಸ್ಥಳವೆಲ್ಲಿ? ವಿಶ್ವವಿದ್ಯಾಲಯದಲ್ಲಿದ್ದುದು ಡಾಂಬರಿನ ಒಂದೇ ಅಂಗಣ. ಬೆಳಗಿನ 8 ಗಂಟೆಯ ಅನಂತರ ಹುಡುಗಿಯರು ಅದನ್ನು ಉಪಯೋಗಿಸಕೂಡದೆಂಬ ಕಟ್ಟಳೆ. ಹೇಜಲ್ ಆ ಕಟ್ಟಳೆಯ ವಿರುದ್ಧ ಅರ್ಜಿ ಬರೆದಂತೆ ಕಾಣುವುದಿಲ್ಲ. 6 ಗಂಟೆಗೆ ಅಲ್ಲಿಗೆ ಹೋದಳು. ದಿನದ ಉಳಿದ ಭಾಗಕ್ಕೆ ಮನೆಯ ಹಿತ್ತಿಲಿತ್ತು. ಅಡ್ಡಲಾಗಿ ಒಂದು ಹಗ್ಗ ಕಟ್ಟಿ ಅಣ್ಣಂದಿರೊಡನೆ ಆಡುವುದು; ಅವರಿಲ್ಲದಾಗ ಮನೆಯ ಗೋಡೆಗೆ ಹೊಡೆಯುವುದು. ಹಿತ್ತಿಲಿನ ನೆಲವೋ ಗರಸಿನದು. ಬಿದ್ದ ಚೆಂಡು ಯಾವ ಕಡೆಗೆ ಪುಟಿಯುವುದೆಂದು ಹೇಳುವಂತಿಲ್ಲ. ಹಾಗಾದರೆ ಚೆಂಡು ನೆಲಕ್ಕೆ ಬೀಳದಂತೆ ನೋಡಿಕೊಳ್ಳಬೇಕು! ಹೀಗೆ ನೆಲದ ದೋಷವು ಅವಳ ಕೈಗೆ ವಾಲಿಯನ್ನು ಕಲಿಸಿತು. ಸಪಾಟಾದ ಒಳ್ಳೆಯ ಅಂಗಣ ಮನೆಯಲ್ಲಿಯೇ ಇದ್ದಿದ್ದರೆ ಅವಳೂ ಸಟನ್ ಸೋದರಿಯರಂತೆ ಹಿಂದೆಯೇ ನಿಂತು ಆಡುತ್ತಿದ್ದಳೇನೋ. ಸಟನ್‌ರ ಮನೆಯಲ್ಲಿ ಅವರದೇ ಆದ ಅಂಗಣವಿತ್ತೆಂಬುದನ್ನು ಈ ಸಂದರ್ಭದಲ್ಲಿ ನೆನೆಯಬಹುದು.

1909ರಲ್ಲಿ ಹೇಜಲ್ ಖಂಡದ ಪಶ್ಚಿಮದ ಕೊನೆಯಿಂದ ಪೂರ್ವದ ಕೊನೆಗೆ ಪ್ರಯಾಣಮಾಡಿ ಫಿಲಡೆಲ್ಫಿಯಾ ನಗರದಲ್ಲಿ ನಡೆಯುತ್ತಿದ್ದ ಅಮೆರಿಕಾದ ರಾಷ್ಟ್ರೀಯ ಸ್ತ್ರೀ ಪಂದ್ಯಗಳಲ್ಲಿ ಸೇರಿದಳು. ಅಲ್ಲಿಯದು ಹುಲ್ಲಿನ ಅಂಗಣ. ಹುಲ್ಲಿನ ಮೇಲೆ ಬಿದ್ದ ಚೆಂಡು ಹೆಚ್ಚು ಏಳದೆ ಜಾರಿಕೊಂಡು ಹೋಗುತ್ತದೆ. ಅದರ ಪುಟಿತವನ್ನು ನಂಬುವಂತಿಲ್ಲ. ಹಿತ್ತಿಲಿನ ಗರಸು ಕಲಿಸಿದ ಪಾಠ ಇಲ್ಲಿಯೂ ಸಲ್ಲುವಂತಾಯಿತು. ಅದುವರೆಗಿನ ವಿಜೇತೆ ಮಾಡ್ ಬಾರ್ಜರ್-ವಾಲಾಕ್ ಎಂಬಾಕೆಯನ್ನು 6–0, 6–1ರಿಂದ ಸೋಲಿಸಿದಳು. ಒಂಟಿ ಆಟ, ಸ್ತ್ರೀಯರ ಜೋಡಿ ಆಟ, ಸ್ತ್ರೀಪುರುಷರ ಮಿಶ್ರ ಜೋಡಿ ಆಟ, ಈ ಮೂರರಲ್ಲಿಯೂ ಆ ವರ್ಷದ ಪ್ರಶಸ್ತಿ ಅವಳದೇ. 1910ರಲ್ಲಿಯೂ ಮೂರೂ, 1911ರಲ್ಲಿಯೂ ಮೂರೂ. ಕಡೆಯ ವರ್ಷ ಮೂರು ವಿಭಾಗಗಳ ಅಂತಿಮ ಪಂದ್ಯಗಳನ್ನು ಒಂದೇ ದಿನ ಆಡಬೇಕಾಗಿ ಬಂದಿತು. ಒಂಟಿ ಆಟದಲ್ಲಿ ಫ್ಲಾರೆನ್ಸ್ ಸಟನ್‌ಳ ಮೇಲಿನ ಗೆಲುವು ಅನಾಯಾಸವಾದುದೇನೂ ಅಲ್ಲ. 8–10, 6–1, 9–7 ಎಂಬ ಅಂಕೆಗಳೇ ಅದನ್ನು ತಿಳಿಸುತ್ತವೆ. ಬಾಲ್ಯದಲ್ಲಿ ವೈದ್ಯರು ವ್ಯಾಯಾಮ ವಿಧಿಸಿದ್ದ ಹುಡುಗಿಯು ಆ ಪಂದ್ಯದ 41 ಗೇಮುಗಳ ಜೊತೆಗೆ ಉಳಿದೆರಡು ಪಂದ್ಯಗಳನ್ನೂ ಆಡಿ ಮುಗಿಸಿದಳು.

ಈ ನಡುವೆ ಒಂದು ವಿಲಕ್ಷಣ ಪಂದ್ಯವೂ ನಡೆಯಿತು. ಟೆನ್ನಿಸಿನಲ್ಲಿ ಒಂದು ಗೇಮು ಗೆಲ್ಲಲು ಕಡಮೆಪಕ್ಷ ನಾಲ್ಕು ಅಂಕಗಳು ಬೇಕು; ಒಂದು ಸೆಟ್ಟಿಗೆ ಕಡಮೆಪಕ್ಷ ಆರು ಗೇಮುಗಳು; ಎರಡು ಸೆಟ್ಟು ಗೆದ್ದರೆ ಪಂದ್ಯ ಮುಗಿಯಿತು. ಲೆಕ್ಕಮಾಡಿದರೆ ಅತ್ಯಲ್ಪ ಮೊತ್ತ 48 ಅಂಕ. 1910ರಲ್ಲಿ ವಾಷಿಂಗ್ಟನ್ ಪ್ರಾಂತದ ಸಿಯಾಟಲ್ ನಗರದಲ್ಲಿ ಹೇಜಲ್ ಒಂದು ಪಂದ್ಯವನ್ನು ಸರಿಯಾಗಿ ಈ 48 ಅಂಕಗಳಿಂದಲೇ ಗೆದ್ದಳು. ಎದುರಾಳಿಗೆ ಒಂದಾದರೂ ಅಂಕ ದೊರೆಯಲಿಲ್ಲ. ಗಣಿತದ ದೃಷ್ಟಿಯಿಂದ ಇದು ಪರಿಪೂರ್ಣವಾದ ಪಂದ್ಯ. ಆಟದ ದೃಷ್ಟಿಯಿಂದ ಇದನ್ನು ಅವಳ ಶ್ರೇಷ್ಠ ಪಂದ್ಯವೆನ್ನಲು ಮಾತ್ರ ನನಗೆ ಮನಸ್ಸು ಬಾರದು. ಎದುರಿಗಿದ್ದಾಕೆ ತೀರ ದುರ್ಬಲಳಾಗಿರದೆ ಹೀಗಾಗುವುದಿಲ್ಲ.

ಶ್ರೇಷ್ಠವೆನ್ನುವುದಾದರೆ ಮೇ ಸಟನ್‌ಳೊಡನೆ ನಡೆದ ಹೋರಾಟಗಳನ್ನು ಹೇಳಬೇಕು. ಮೇ ಕೂಡ 1886ರಲ್ಲಿಯೇ ಹುಟ್ಟಿದವಳು. ಇಂಗ್ಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವಳು. 1904ರಲ್ಲಿ ಅಮೆರಿಕಾದ ಪ್ರಶಸ್ತಿಯನ್ನೂ 1905 ಮತ್ತು 1907ರಲ್ಲಿ ವಿಂಬಲ್ಡನ್ ಪ್ರಶಸ್ತಿಯನ್ನೂ ಗೆದ್ದಿದ್ದಳು. ವಿಂಬಲ್ಡನ್ನಿನಲ್ಲಿ ಒಂಟಿ ಆಟದ ಪ್ರಶಸ್ತಿ ಗೆದ್ದ ಮೊದಲ ಅಮೆರಿಕಾದವಳೆಂದರೆ ಅವಳೇ. ಅವಳ ಮುಂಗೈ ಹೊಡೆತದ ರಭಸಕ್ಕೆ ಎಲ್ಲರೂ ಅಂಜುತ್ತಿದ್ದರು. 1911ರಲ್ಲಿ ಕೆನಡಾ ದೇಶದ ನಯಾಗರಾ-ಆನ್-ದ-ಲೇಕ್ ಎಂಬ ಊರಿನಲ್ಲಿ ಇಬ್ಬರೂ ಎದುರಾದರು. ಮೊದಲ ಸೆಟ್ಟನ್ನು ಹೇಜಲ್ 0–6ರಿಂದ ಕಳೆದುಕೊಂಡಳು. ಎರಡನೆಯದರಲ್ಲಿ 1–5. ಇನ್ನೊಂದೇ ಗೇಮು ಹೋದರೆ ಪಂದ್ಯ ಮುಗಿದಂತೆ. ಅಲ್ಲಿಂದ ಮುಂದೆ ಹನ್ನೆರಡು ಗೇಮುಗಳನ್ನು ಒಂದರ ಹಿಂದೆ ಒಂದಾಗಿ ಅವಳೇ ಗೆದ್ದಳು. 0–6, 7–5, 6–0. ಸಿಯಾಟಲಿನ ಆ 48 ಅಂಕಗಳಿಗಿಂತ ಈ ಹನ್ನೆರಡು ಗೇಮುಗಳನ್ನು ನಾನು ಮಿಗಿಲೆಂದು ಎಣಿಸುತ್ತೇನೆ.

ಅದೇ 1911ರಲ್ಲಿ ಹೇಜಲ್ ಬರ್ಕ್ಲಿಯ ವಿಶ್ವವಿದ್ಯಾಲಯದಿಂದ ಪದವಿ ಪಡೆದಳು. ಮರುವರ್ಷ ಬಾಸ್ಟನ್ನಿನ ಜಾರ್ಜ್ ವೈಟ್‌ಮನ್ ಎಂಬುವರೊಡನೆ ವಿವಾಹವಾಯಿತು. (ಇನ್ನು ಮುಂದೆ ನಾವೂ ಅವರನ್ನು ಬಹುವಚನದಲ್ಲಿ ಕರೆಯೋಣ, ಅವರ ಶಿಷ್ಯೆಯರು ಕೊನೆಯವರೆಗೂ ಅವರನ್ನು ಶ್ರೀಮತಿ ವೈಟ್‌ಮನ್ ಎಂದೇ ಸಂಬೋಧಿಸುತ್ತಿದ್ದರು.) ಆ ಕಾಲದಲ್ಲಿ ವಿವಾಹವೆಂದರೆ ಅನೇಕ ಆಟಗಾರ್ತಿಯರಿಗೆ ಆಟದ ಮುಕ್ತಾಯ. ಇವರು ಐದು ಮಕ್ಕಳನ್ನು ಹೆತ್ತು ಸಾಕಿದರು, ಆಟವನ್ನೂ ಬಿಡಲಿಲ್ಲ. 1915ರಲ್ಲಿ ರಾಷ್ಟ್ರೀಯ ಪಂದ್ಯಗಳಿಗೆ ಹಿಂದಿರುಗಿ ಒಂಟಿ ಆಟದ ಅಂತಿಮ ಪಂದ್ಯದಲ್ಲಿ ನಾರ್ವೆ ದೇಶದ ಮಾಲಾ ಬ್ಯೂರ್‌ಸ್ಟೆಟ್‌ಗೆ ಸೋತರು. ಜೋಡಿ ಆಟಗಳೆರಡನ್ನೂ ಗೆದ್ದರು. 1919ರಲ್ಲಿ ಮೇರಿಯನ್ ಜಿಂಡರ್‌ಸ್ಟೈನ್ ಎಂಬ ತರುಣಿಯನ್ನು 6–1, 6–2ರಿಂದ ಸೋಲಿಸಿ ಒಂಟಿ ಆಟದ ಪ್ರಶಸ್ತಿಯನ್ನು ನಾಲ್ಕನೆಯ ಬಾರಿ ಪಡೆದರು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಎಂಟು ವರ್ಷಗಳ ಅಂತರ.

ಸುಮಾರು ಇದೇ ಕಾಲದಲ್ಲಿ ಶ್ರೀಮತಿ ವೈಟ್‌ಮನ್‌ರಿಗೆ ಒಂದು ಯೋಚನೆ ಹುಟ್ಟಿತು. ಪುರುಷರಿಗೆ ದೇಶದೇಶಗಳ ನಡುವೆ ಡೇವಿಸ್ ಕಪ್ ಪಂದ್ಯಗಳು 1900ರಿಂದ ನಡೆಯುತ್ತಿದ್ದುವು. ಸ್ತ್ರೀಯರಿಗೆ ಅಂಥದೇಕಿಲ್ಲ? ಅವರು ತಾವೇ ಎತ್ತರವಾದ ಒಂದು ಬೆಳ್ಳಿಯ ಹೂದಾನಿಯನ್ನು ಕೊಂಡು ತಮ್ಮ ದೇಶದ ಟೆನ್ನಿಸ್ ಸಂಘಕ್ಕೆ ಒಪ್ಪಿಸಿದರು. ಫ್ರಾನ್ಸ್ ಮೊದಲಾದ ಹಲವು ದೇಶಗಳು ಇದಕ್ಕಾಗಿ ಸ್ಪರ್ಧಿಸಬೇಕೆಂಬುದು ಅವರ ಆಸೆ. ಅಂತರರಾಷ್ಟ್ರೀಯ ಸಂಘಕ್ಕೆ ಅಷ್ಟು ಉತ್ಸಾಹವಿರಲಿಲ್ಲ. ಹೂದಾನಿ ಕೆಲವು ವರ್ಷ ಸುಮ್ಮನೆ ಕುಳಿತಿತು. ಕೊನೆಗೆ 1923ರಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಎಂಬಲ್ಲಿ ಹೊಸದಾಗಿ ಕಟ್ಟಿದ ಕ್ರೀಡಾಂಗಣದ ಪ್ರಾರಂಭೋತ್ಸವಕ್ಕೆ ಏನಾದರೊಂದು ವಿಶೇಷ ಪಂದ್ಯ ಬೇಕಾಯಿತು. ಆಗ ಹೂದಾನಿಯ ನೆನಪಾಗಿ ಬ್ರಿಟನ್ನಿನ ಸ್ತ್ರೀಯರ ತಂಡವನ್ನು ಆಹ್ವಾನಿಸಿದರು. ಐದು ಒಂಟಿ ಆಟ, ಎರಡು ಜೋಡಿ ಆಟ, ಹೀಗೆ ಏಳು ಪಂದ್ಯಗಳು. ಏಳನ್ನೂ ಅಮೆರಿಕಾದ ತಂಡವೇ ಗೆದ್ದಿತು. ನಾಯಕಿ ಶ್ರೀಮತಿ ವೈಟ್‌ಮನ್. ಹೂದಾನಿಗೆ ದೀರ್ಘವಾದ ಅಧಿಕೃತ ಹೆಸರೊಂದಿದ್ದರೂ ಜನರು ಅದನ್ನು ವೈಟ್‌ಮನ್ ಕಪ್ ಎಂದೇ ಕರೆದರು. ಮರುವರ್ಷ ವಿಂಬಲ್ಡನ್ನಿನಲ್ಲಿ ಬ್ರಿಟನ್ 6–1ರಿಂದ ಸೇಡು ತೀರಿಸಿಕೊಂಡಿತು. ಅಮೆರಿಕಾಕ್ಕೆ ದೊರೆತ ಆ ಒಂದೇ ಗೆಲುವು ಶ್ರೀಮತಿ ವೈಟ್‌ಮನ್ ಮತ್ತು ಹೆಲೆನ್ ವಿಲ್ಸ್ ಜೋಡಿಯದು.

ಹೆಲೆನ್ ವಿಲ್ಸ್ ಹೆಸರನ್ನು ಟೆನ್ನಿಸ್ ಬಲ್ಲವರೆಲ್ಲರೂ ಕೇಳಿರುವರು. ವಿಂಬಲ್ಡನ್ನಿನ ಒಂಟಿ ಆಟವನ್ನು ಎಂಟು ಸಲ, ಅಮೆರಿಕಾದ್ದನ್ನು ಏಳು ಸಲ, ಫ್ರಾನ್ಸಿನದನ್ನು ನಾಲ್ಕು ಸಲ ಗೆದ್ದವಳು. ಅವಳೂ ಬರ್ಕ್ಲಿಯಲ್ಲಿ ಬೆಳೆದ ಹುಡುಗಿ. ಶ್ರೀಮತಿ ವೈಟ್‌ಮನ್ ತವರೂರಿಗೆ ಬಂದಿದ್ದಾಗ ಅವಳನ್ನು ಕಂಡು, ಜೊತೆಯಲ್ಲಿ ಆಡಿ, ತಿದ್ದಿದರು. ಅವಳ ಹೊಡೆತ ಪ್ರಚಂಡ. ಕಾಲಿನ ಚುರುಕು ಮಾತ್ರ ಸಾಲದು. ಜೋಡಿ ಆಟದಲ್ಲಿ ಗುರುವು ಅವಳ ಕೊರತೆಯನ್ನು ತಾನು ತುಂಬುತ್ತ, ಪಂದ್ಯದ ನಡುವೆಯೇ ಅವಳನ್ನು ಓಡೆಂದು ಕೂಗಿ ಎಚ್ಚರಿಸುತ್ತಿದ್ದರಂತೆ. ಸುಮಾರು ಐದಡಿ ಎತ್ತರದ ಮಧ್ಯವಯಸ್ಸಿನ ಗೃಹಿಣಿ, ಪಕ್ಕದಲ್ಲಿ ಎತ್ತರವಾದ ಮೌನಿ ತರುಣಿ: ನೋಡುವವರಿಗೆ ಅದೊಂದು ವಿಚಿತ್ರ ಜೋಡಿಯಾಗಿ ತೋರಿರಬೇಕು. 1924ರ ವಿಂಬಲ್ಡನ್ನಿನ ಜೋಡಿ ಪ್ರಶಸ್ತಿಯನ್ನು ಇವರಿಬ್ಬರೂ ಗೆದ್ದರು. ಅದೇ ಬೇಸಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳ ಚಿನ್ನದ ಪದಕವನ್ನೂ ಗೆದ್ದರು. ಎರಡು ಕಡೆಯೂ ಅಂತಿಮ ಪಂದ್ಯದಲ್ಲಿ ಸೋತವರು ಬ್ರಿಟನ್ನಿನ ಮೆಕೇನ್ ಮತ್ತು ಕೋವೆಲ್.

ಪ್ಯಾರಿಸ್ಸಿನಲ್ಲಿ ಇನ್ನೊಂದು ಚಿನ್ನದ ಪದಕವೂ ಕಾದಿತ್ತು. ಮಿಶ್ರ ಜೋಡಿಯಲ್ಲಿ ಶ್ರೀಮತಿ ವೈಟ್‌ಮನ್‌ರ ಜೊತೆಗಾರ ನಾರಿಸ್ ವಿಲಿಯಮ್ಸ್. ಇವರು 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಬದುಕಿ ಉಳಿದವರು. ಹಿಮದಂಥ ನೀರಿನಲ್ಲಿದ್ದುದರಿಂದ ಮರಗಟ್ಟಿದ ಅವರ ಕಾಲುಗಳನ್ನು ಕತ್ತರಿಸಬೇಕೆಂದು ವೈದ್ಯರು ಹೇಳಿದಾಗ ಒಪ್ಪದೆ, ನಡೆದಾಡಿ ನಡೆದಾಡಿ ಕಾಲುಗಳಿಗೆ ಜೀವ ತಂದುಕೊಂಡವರು. ಪ್ಯಾರಿಸ್ಸಿನಲ್ಲಿ ಅವರ ಕಾಲಿನ ಹರಡು ಉಳುಕಿತು. ಸ್ಪರ್ಧೆಯಿಂದ ಹಿಂದೆಗೆಯುವ ಯೋಚನೆಯಲ್ಲಿದ್ದರು. ಶ್ರೀಮತಿ ವೈಟ್‌ಮನ್ ಅವರನ್ನು ಬಲೆಯ ಬಳಿ ನಿಲ್ಲಿಸಿ, ಹಿಂದಿನ ಓಡಾಟವನ್ನೆಲ್ಲ ತಾವು ವಹಿಸಿಕೊಂಡರು. ಜೀವನವಿಡೀ ಬಲೆಯ ಬಳಿಯೇ ಆಡಿದ 37 ವರ್ಷದ ಸ್ತ್ರೀ ಈಗ ಹಿಂದಿನ ಗೆರೆಗೆ ಹೋದರು. ಅಂತಿಮ ಪಂದ್ಯದಲ್ಲಿ ಎದುರಾದ ಜೋಡಿಯಲ್ಲಿ ಒಬ್ಬಾಕೆ 1919ರಲ್ಲಿ ಇವರಿಗೆ ಸೋತಿದ್ದ ಮೇರಿಯನ್ ಜಿಂಡರ್‌ಸ್ಟೈನ್. ಅಷ್ಟರಲ್ಲಿ ವಿವಾಹವಾಗಿ ಶ್ರೀಮತಿ ಜೆಸಪ್. ಈ ಸಲವೂ ಗೆಲುವು ಶ್ರೀಮತಿ ವೈಟ್‌ಮನ್‌ರದೇ.

ಆ ಒಲಿಂಪಿಕ್ ಟೆನ್ನಿಸಿನಲ್ಲಿ ಭಾರತದ ಪರವಾಗಿಯೂ ಕೆಲವರು ಆಡಿದ್ದರು. ಸಿಡ್ನಿ ಜೇಕಬ್ ಕೊನೆಯ ಎಂಟು ಮಂದಿಯವರೆಗೆ ತಲುಪಿದ್ದರು. ಮುಂದೆ ರಣಜಿ ಟ್ರೋಫಿ ಕ್ರಿಕೆಟ್ಟಿನ ಮೊಟ್ಟಮೊದಲ ಶತಕ ಬಾರಿಸಿದ ಹೈದರಾಬಾದಿನ ಸೈಯದ್ ಮಹಮ್ಮದ್ ಹಾದಿಯವರೂ ತಂಡದಲ್ಲಿದ್ದರು. ನೋರಾ ಪಾಲಿ ಎಂಬ ಮಹಿಳೆಯೂ ಆಡಿದರು. ಅಲ್ಲಿಂದ ಮುಂದೆ, ಹವ್ಯಾಸಿ ಯಾರು ವೃತ್ತಿನಿರತ ಯಾರೆಂಬ ಜಗಳದಿಂದ, ಒಲಿಂಪಿಕ್ ಪದಕಗಳ ಪಟ್ಟಿಗೆ ಟೆನ್ನಿಸ್ ಮತ್ತೆ ಸೇರಿದ್ದು 1988ರಲ್ಲಿ. ಮಿಶ್ರ ಜೋಡಿ ಆಟವಂತೂ ಬಂದದ್ದು 2012ರಲ್ಲಿ. ಹಾಗಾಗಿ ವಿಲಿಯಮ್ಸ್–ವೈಟ್‌ಮನ್ ಜೋಡಿಯ ಆ ಬಿರುದನ್ನು 88 ವರ್ಷ ಯಾರೂ ಕಸಿದುಕೊಳ್ಳಲು ಆಗಲಿಲ್ಲ!

ಹವ್ಯಾಸಿಯೆಂಬ ಈ ಮಾತನ್ನು ಸ್ವಲ್ಪ ಬಿಡಿಸಬೇಕು. 1968ಕ್ಕೆ ಮುಂಚೆ ಮುಖ್ಯ ಪಂದ್ಯಗಳಲ್ಲಿ ಹಣದ ಬಹುಮಾನವಿರಲಿಲ್ಲ. ಆಟ ಕಲಿಸಿ ಶುಲ್ಕ ತೆಗೆದುಕೊಂಡವರು ವೃತ್ತಿನಿರತರೆನಿಸಿ ಹವ್ಯಾಸಿಗಳ ಪಂದ್ಯಗಳಿಂದ ಹೊರಗಾಗುತ್ತಿದ್ದರು. ಶ್ರೀಮತಿ ವೈಟ್‌ಮನ್ ಅರ್ಧ ಶತಮಾನದಷ್ಟು ಕಾಲ ಹುಡುಗಿಯರಿಗೆ ಬಿಟ್ಟಿಯಾಗಿ ಕಲಿಸಿದರೆಂದು ಹೊಗಳುವಾಗ ಈ ನಿಯಮವನ್ನು ಮರೆಮಾಚಬಾರದು. ಆಡುವ ಹಕ್ಕು ಉಳಿಯಬೇಕಾದರೆ ಶುಲ್ಕ ಪಡೆಯುವಂತಿರಲಿಲ್ಲ. ಆದರೆ ಕಲಿಸಲೇಬೇಕೆಂಬ ನಿಯಮವಾವುದೂ ಇರಲಿಲ್ಲವಷ್ಟೆ? ಬಾಸ್ಟನ್ನಿನ ಬಳಿಯ ಲಾಂಗ್‌ವುಡ್ ಕ್ಲಬ್ಬಿನ ಅಂಗಣಗಳಲ್ಲಿ ಅವರು ಹುಡುಗಿಯರ ಗುಂಪುಗಳನ್ನು ಸೇರಿಸಿ ಪಾಠ ಹೇಳಿದರು. ಅವರಿಗಾಗಿಯೇ ಪಂದ್ಯಗಳನ್ನು ಏರ್ಪಡಿಸಿದರು. ಚತುರೆಯರನ್ನು ಆರಿಸಿಕೊಂಡು ಉಳಿದವರನ್ನು ಹಿಂದಕ್ಕೆ ಕಳುಹಿಸುವ ಪದ್ಧತಿ ಅವರದಲ್ಲ. ನಾಚಿಕೊಳ್ಳುವವರು, ಕೈಕಾಲು ಕೂಡಿಬಾರದವರು, ಎಲ್ಲರಿಗೂ ಸ್ಥಳವಿತ್ತು. ಅವರ ಉಪದೇಶದಲ್ಲಿ ಮುಖ್ಯವಾದುದು ಕಾಲಿನ ನಡೆ: ಚೆಂಡಿನ ಬಳಿಗೆ ಸಕಾಲದಲ್ಲಿ ಹೋಗಿ ನಿಂತರೆ ಕೈಯ ಕೆಲಸ ಸುಲಭ. 1933ರಲ್ಲಿ ಬರೆದ ತಮ್ಮ ಪುಸ್ತಕದಲ್ಲಿ ಈ ಸೂಚನೆಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ, ಒಂದೊಂದು ಅಕ್ಷರಕ್ಕೆ ಒಂದೊಂದು ಪುಟ್ಟ ಸೂತ್ರವಾಗಿ ಹೊಂದಿಸಿಕೊಟ್ಟಿದ್ದಾರೆ. ಬಾಯಿಪಾಠದ ಉಪಯೋಗವನ್ನು ಅರಿತ ಉಪಾಧ್ಯಾಯರಿಗೆ ಇದು ಹಿಡಿಸದಿರದು.

ಹೆಲೆನ್ ವಿಲ್ಸ್‌ಳಲ್ಲದೆ, ಅವಳ ಪ್ರಬಲ ಪ್ರತಿಸ್ಪರ್ಧಿಯಾಗಿ 1932ರಿಂದ 1935ರವರೆಗೆ ನಾಲ್ಕು ಬಾರಿ ಅಮೆರಿಕಾದ ಪ್ರಶಸ್ತಿ ಗೆದ್ದ ಹೆಲೆನ್ ಜೇಕಬ್ಸ್ ಕೂಡ ಇವರಿಂದ ಪಾಠ ಹೇಳಿಸಿಕೊಂಡವಳೇ. ಆ ಇಬ್ಬರು ಹೆಲೆನ್‌ರ ನಡುವಣ ವೈರದ ವಿಷಯವಾಗಿ ಪತ್ರಿಕೆಗಳು ಕಾಲಂಗಟ್ಟಲೆ ಬರೆಯುತ್ತಿದ್ದುವು. ಗುರುವು ಇಬ್ಬರಿಗೂ ಬೇಕಾದವರಾಗಿಯೇ ಉಳಿದರು. 1941 ಮತ್ತು 1945ರಲ್ಲಿ ಪ್ರಶಸ್ತಿ ಗೆದ್ದ ಸಾರಾ ಪಾಲ್ಫ್ರಿಯೂ ಇವರ ಕೈಯಲ್ಲಿ ಬೆಳೆದವಳು. 1940ರಲ್ಲಿ ದಾಂಪತ್ಯ ಮುರಿದ ಮೇಲೆ ಶ್ರೀಮತಿ ವೈಟ್‌ಮನ್ ಲಾಂಗ್‌ವುಡ್ಡಿಗೆ ಸಮೀಪದಲ್ಲಿಯೇ ಮನೆ ಮಾಡಿದರು. ಪಂದ್ಯಗಳ ಕಾಲದಲ್ಲಿ ದೂರದ ಊರುಗಳಿಂದ ಬಂದ ಹುಡುಗಿಯರು ಇಳಿದುಕೊಳ್ಳುತ್ತಿದ್ದುದು ಅಲ್ಲಿಯೇ. ಊಟ, ಹಾಸಿಗೆ, ಜೊತೆಗೆ ಆಟದ ತಿದ್ದುಪಡಿ. ಕಾರು ನಿಲ್ಲಿಸುವ ಗ್ಯಾರೇಜಿನ ಗೋಡೆಗೆ ಚೆಂಡು ಹೊಡೆಯಿಸಿ ಅಭ್ಯಾಸಮಾಡಿಸುತ್ತಿದ್ದರು.

ಅವರ ಸ್ವಂತ ಆಟ ಇನ್ನೂ ನಡೆದೇ ಇತ್ತು. 1928ರಲ್ಲಿ ಹೆಲೆನ್ ವಿಲ್ಸ್‌ಳೊಡನೆ ರಾಷ್ಟ್ರೀಯ ಜೋಡಿ ಪ್ರಶಸ್ತಿ. 1930ರಲ್ಲಿ ಸ್ಕ್ವಾಷ್ ಎಂಬ ಬೇರೊಂದು ಆಟದಲ್ಲಿ ರಾಷ್ಟ್ರೀಯ ಪ್ರಶಸ್ತಿ. 1943ರಲ್ಲಿ, 56ರ ವಯಸ್ಸಿನಲ್ಲಿ, ತರುಣಿ ಪಾಲೀನ್ ಬೆಟ್ಸ್‌ಳ ಜೊತೆಗೂಡಿ ಒಳಾಂಗಣದ ಜೋಡಿ ಪ್ರಶಸ್ತಿ. ರಾಷ್ಟ್ರೀಯ ಪ್ರಶಸ್ತಿಗಳು ಒಟ್ಟು 45. ಕೊನೆಯದು ಹಿರಿಯರ ವಿಭಾಗದಲ್ಲಿ 1954ರಲ್ಲಿ. ಮೊದಲನೆಯದಕ್ಕೂ ಅದಕ್ಕೂ ನಡುವೆ 45 ವರ್ಷಗಳು. ಇವುಗಳಲ್ಲಿ ಬಹುಪಾಲು ಜೋಡಿ ಆಟದವು. ಒಂಟಿಯಾಗಿ ಗೆದ್ದವರ ಹೆಸರನ್ನೇ ಲೋಕವು ಹೆಚ್ಚಾಗಿ ನೆನಪಿಡುವುದರಿಂದ ಹೆಲೆನ್ ವಿಲ್ಸ್‌ಳ ಕೀರ್ತಿಯ ಮುಂದೆ ಇವರದು ಮಸುಕಾಗಿ ಕಾಣುವುದುಂಟು. ಜೋಡಿ ಆಟದಲ್ಲಿ ಎದುರಾಳಿಗಳಿಬ್ಬರ ಜೊತೆಗೆ ಪಕ್ಕದಲ್ಲಿರುವವರ ಬಲಾಬಲವನ್ನೂ ಅರಿತು ಆಡಬೇಕು. ಆ ವಿದ್ಯೆಯಲ್ಲಿ ಇವರಿಗೆ ಸಮಾನರು ಅಂದು ವಿರಳ.

1957ರಲ್ಲಿ ಟೆನ್ನಿಸ್ ಕೀರ್ತಿಮಂದಿರದಲ್ಲಿ ಅವರ ಹೆಸರನ್ನು ಸೇರಿಸಿದರು. ವೈಟ್‌ಮನ್ ಕಪ್ಪಿಗೆ 50 ವರ್ಷ ತುಂಬಿದ 1973ರಲ್ಲಿ ಬ್ರಿಟನ್ನಿನ ಸರ್ಕಾರವು ಗೌರವ ಬಿರುದಿತ್ತು ಸತ್ಕರಿಸಿತು. 1974ರ ಡಿಸೆಂಬರ್ 5ರಂದು, 88ನೆಯ ಹುಟ್ಟುಹಬ್ಬಕ್ಕೆ ಹದಿನೈದು ದಿನಗಳಿರುವಾಗ, ಅವರು ತೀರಿಕೊಂಡರು. ಅವರು ಬಯಸಿದ್ದ ಬಹುದೇಶಗಳ ಸ್ತ್ರೀ ಪಂದ್ಯಾವಳಿ ಫೆಡರೇಷನ್ ಕಪ್ ಎಂಬ ಹೆಸರಿನಿಂದ 1963ರಲ್ಲಿ ಪ್ರಾರಂಭವಾಗಿತ್ತು; ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ಲಭಿಸಿತು. ಅವರ ಬೆಳ್ಳಿಯ ಹೂದಾನಿಗಾಗಿ ಅಮೆರಿಕಾ ಮತ್ತು ಬ್ರಿಟನ್ನುಗಳು, ಯುದ್ಧಕಾಲದ ಆರು ವರ್ಷಗಳ ಹೊರತು, 1989ರವರೆಗೆ ಪ್ರತಿವರ್ಷವೂ ಸೆಣಸಿದುವು. 61 ಬಾರಿಯಲ್ಲಿ ಅಮೆರಿಕಾ ಗೆದ್ದದ್ದು 51, ಬ್ರಿಟನ್ 10. ಕೊನೆಗೊನೆಗೆ ಗೆಲುವೆಲ್ಲ ಒಂದೇ ಕಡೆಗೆ ಸೇರತೊಡಗಿ, ನೋಡುವವರ ಉತ್ಸಾಹವೂ ತಗ್ಗಿದ್ದರಿಂದ, ಆ ಸ್ಪರ್ಧೆಯನ್ನು ಅಲ್ಲಿಗೆ ನಿಲ್ಲಿಸಲಾಯಿತು.